ನಲವತ್ತೊಂದನೇ ಪುಸ್ತಕದ ಮದುಮಗಳು

ಮದುವೆ ಕಾಗದ ಕೇಳಿಕೊಂಡು ಬರುವವರನ್ನು ಕಂಡರೆ ನನಗೆ ಮೊದಲು ಬರುವುದು ಸಿಟ್ಟು. ಮೂವತ್ತೊಂದು ವರ್ಷದಿಂದ ಕಾಟ್ರೆಲ್ ಕೌಂಟಿಯ ಕೋರ್ಟ್‌ಹೌಸಿನಲ್ಲಿ ಗುಮಾಸ್ತೆಯಾಗಿದ್ದೇನೆ. ಟ್ರೆಸ್ಸಾ ಹಾಲ್ಕಂ ಎಂದರೆ ಕೆಂಟಕಿಯ ಈ ಗುಡ್ಡಗಳಲ್ಲಿ ನಾಯಿಗೂ ಗೊತ್ತು. ಬರುವವರಿಗೆ ತಮ್ಮ ಮದುವೆಯ ತಾರೀಖು ಗೊತ್ತಿರುವುದಿಲ್ಲ, ಮದುವೆಗೆ ಮೊದಲು ಲೈಸೆನ್ಸು ತೆಗೆದದ್ದು ನಮ್ಮ ಕೌಂಟಿಯಲ್ಲೋ ಪಕ್ಕದ್ದರಲ್ಲೋ ಅದೂ ಗೊತ್ತಿರುವುದಿಲ್ಲ. "ಆ ವರ್ಷ ಹಿಮ ಜಾಸ್ತಿ ಬಿದ್ದಿತ್ತು" ಎನ್ನುತ್ತಾರೆ. ಹಿಮ ಬಿದ್ದ ಪ್ರಕಾರ ನಾನು ಪುಸ್ತಕ ಜೋಡಿಸಿಟ್ಟಿಲ್ಲ ತಾಯೀ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತೇನೆ. ಎಲ್ಲ ಸಲವೂ ನುಂಗುವುದಿಲ್ಲ.

ಆ ಮಂಗಳವಾರ ಬೆಳಿಗ್ಗೆ ಬಂದ ಲೂಡಿ ಸೈಜ್ಮೋರ್ ಹಾಗಲ್ಲ. ಎಪ್ಪತ್ತೊಂದು ವರ್ಷದ ಹೆಂಗಸು, ಗಂಡ ಎಸ್ಟಿಲ್ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಕೌಂಟರಿನ ಅಂಚು ಹಿಡಿದು ನಿಂತು ಉಸಿರು ತೆಗೆದುಕೊಂಡು, ಪಾಠ ಒಪ್ಪಿಸುವವಳ ಹಾಗೆ ಎಲ್ಲವನ್ನೂ ಹೇಳಿದಳು.

"ಸಾವಿರದ ಒಂಬೈನೂರ ಅರವತ್ತೆಂಟು, ಅಕ್ಟೋಬರ್ ಹನ್ನೆರಡು, ಶನಿವಾರ. ಇಲ್ಲೇ ಲೈಸೆನ್ಸು. ಮದುವೆ ಮಾಡ್ಸಿದ್ದು ಪಾದ್ರಿ ಬ್ರದರ್ ಹೊಬಾರ್ಟ್, ಅವರ ಮನೆ ಜಗಲಿ ಮೇಲೆ. ಮೊಹರು ಹಾಕಿರೋ ನಕಲು ಒಂದು ಬೇಕು ಕಣೇ ಟ್ರೆಸ್ಸಾ."

"ನಿಮ್ಮಂಥೋರು ದಿನಕ್ಕೊಬ್ರು ಬಂದ್ರೆ ಸಾಕು, ಲೂಡಿ ಆಂಟಿ, ನಾನು ಇನ್ನೂ ಹತ್ತು ವರ್ಷ ರಿಟೈರ್ ಆಗಲ್ಲ," ಎಂದೆ. "ಈಗ್ಯಾಕೆ ಬೇಕಾಯ್ತು?"

"ಶುಕ್ರವಾರ ಲೆಕ್ಸಿಂಗ್ಟನ್‌ನಲ್ಲಿ ನನ್ನ ಎದೆ ಕೊಯ್ತಾರೆ," ಎಂದಳು, ಕೋಸು ಕೊಯ್ಯುವ ಸುದ್ದಿಯ ಹಾಗೆ. "ಎದ್ದರೆ ಎದ್ದೆ. ಏಳದೇ ಹೋದ್ರೆ ನನ್ನನ್ನ ಎಸ್ಟಿಲ್ ಜೊತೆ ಇಡಬೇಕು. ಸೈನಿಕರ ಸ್ಮಶಾನದೋರು ಹೇಳಿದ್ರು, ಹೆಂಡ್ತಿ ಆದ್ರೆ ಅದೇ ಗುಂಡೀಲಿ ಜಾಗ ಕೊಡ್ತಾರಂತೆ, ಅವನ ಕಲ್ಲಿನ ಹಿಂದುಗಡೆ ಹೆಸರು ಕೆತ್ತಿಸ್ತಾರಂತೆ. ಆದ್ರೆ ಮದುವೆ ಕಾಗದ ಬೇಕಂತೆ. ನಮ್ಮದು ಹೊಳೆ ಬಂದ ವರ್ಷ ಮನೆ ಜೊತೆ ಕೊಚ್ಕೊಂಡು ಹೋಯ್ತು. ಕಾಗದ ಇಲ್ದಿದ್ರೆ ಬೇರೆ ಎಲ್ಲೋ ಹೂಳ್ತಾರೆ. ನಾನು ಆ ಮನುಷ್ಯನ್ನ ಬಿಟ್ಟು ಒಂದು ರಾತ್ರಿ ಬೇರೆ ಮಲಗಿದೋಳಲ್ಲ."

"ಒಬ್ಬರೇ ಬಂದ್ರಾ?"

"ಮೋಝೆಲ್ ಕರ್ಕೊಂಡು ಬಂದ್ಲು. ಕಾರಲ್ಲೇ ಕೂತಿದ್ದಾಳೆ. ಒಳಗೆ ಬಾ ಅಂದ್ರೆ ಮೊಣಕಾಲು ನೋವು ಅಂತಾಳೆ. ಕೋರ್ಟ್‌ಹೌಸ್ ಅಂದ್ರೆ ಅವಳಿಗೆ ಮೊದ್ಲಿಂದ್ಲೂ ಆಗಲ್ಲ, ನಿಂಗೊತ್ತಲ್ಲ," ಎಂದು ಲೂಡಿ ಕಣ್ಣು ಮಿಟುಕಿಸಿದಳು. ನಾನೂ ನಕ್ಕೆ.

ನಕ್ಕದ್ದು ಯಾಕೆಂದು ಹೇಳಬೇಕು. ಮೋಝೆಲ್ ನೇಪಿಯರ್ ಲೂಡಿಯ ಅಕ್ಕ, ನಾಲ್ಕು ವರ್ಷ ದೊಡ್ಡವಳು, ಮದುವೆಯಾಗದೇ ಉಳಿದವಳು. ಶಾಲೆಯ ಊಟದ ಮನೆಯಲ್ಲಿ ಮೂವತ್ತು ವರ್ಷ ನಮಗೆಲ್ಲ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಬಡಿಸಿದಳು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಶಾಲಾ ಬಸ್ಸಿನ ಡ್ರೈವರ್ ಡೆಲ್ಮರ್ ರಿಚಿಯ ಜೊತೆ ಲೈಸೆನ್ಸಿಗೆಂದು ಇದೇ ಕೌಂಟರಿಗೆ ಬಂದವಳು, ಕೈಯೆತ್ತಿ ಪ್ರಮಾಣ ಮಾಡುವ ಹೊತ್ತಿಗೆ ಸರಕ್ಕನೆ ತಿರುಗಿ ಮೆಟ್ಟಿಲಿಳಿದು ಓಡಿಹೋದಳಂತೆ. ಡೆಲ್ಮರ್ ಪೆನ್ನು ಹಿಡಿದುಕೊಂಡು ನಿಂತೇ ಇದ್ದನಂತೆ. ನಮ್ಮ ಕಡೆ ಯಾರಾದರೂ ಕೆಲಸ ಅರ್ಧಕ್ಕೆ ಬಿಟ್ಟು ಹೋದರೆ 'ಮೋಝೆಲ್ ಓಟ ಓಡಿದ' ಎನ್ನುತ್ತಾರೆ. ಡೆಲ್ಮರನ ಬಾಯಿ ವಾಸನೆ ತಡೆಯದೆ ಓಡಿದಳು ಎಂದು ಒಬ್ಬರು, ಅವನು ಉಂಗುರ ತರುವುದು ಮರೆತಿದ್ದ ಎಂದು ಇನ್ನೊಬ್ಬರು. ನನಗೆ ಕೆಲಸ ಕಲಿಸಿದ ಮಿಸೆಸ್ ವುಟನ್ ಆ ದಿನ ಕೌಂಟರಿನಲ್ಲಿದ್ದವರು. ಆ ಕಥೆಯನ್ನು ಅವರಿಂದ ಕಲಿತು, ಲೈಸೆನ್ಸಿಗೆ ಬರುವ ಹುಡುಗ ಹುಡುಗಿಯರಿಗೆಲ್ಲ ಹೇಳಿ ನಗಿಸಿದವಳು ನಾನು. ಈಗ ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಕಂಪ್ಯೂಟರಿನಲ್ಲಿ ಎಂಬತ್ಮೂರರಿಂದ ಈಚಿನದು ಮಾತ್ರ ಇದೆ. ಹಳೆಯದಕ್ಕೆ ನೆಲಮಾಳಿಗೆಗೇ ಇಳಿಯಬೇಕು. ಲೂಡಿಯನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. ವಧುಗಳ ಹೆಸರುಪಟ್ಟಿ ತೆಗೆದು ನೇಪಿಯರ್ ಮನೆತನದ ಕೆಳಗೆ ಬೆರಳಿಟ್ಟು ಇಳಿದೆ. ಲೀನಾ, ಲೊರೇನ್, ಲೂಲಾ. ಲೂಡಿ ಇಲ್ಲ. ಮತ್ತೊಮ್ಮೆ ನೋಡಿದೆ. ಇಲ್ಲ.

"ಏನೇ, ನಾನು ಇಲ್ವಾ?" ಲೂಡಿಯ ಧ್ವನಿ ಸಣ್ಣಗಾಯಿತು.

"ಇರ್ತೀರಾ ಬಿಡಿ. ಹಿಂದಿನೋರು ಕಣ್ಣು ಮುಚ್ಕೊಂಡು ಬರೆದಿದ್ದಾರೆ. ಗಂಡಿನ ಪಟ್ಟಿ ನೋಡೋಣ."

ಅದರಲ್ಲಿ ಸಿಕ್ಕಿತು. ಸೈಜ್ಮೋರ್, ಎಸ್ಟಿಲ್. ಪುಸ್ತಕ ನಲವತ್ತೊಂದು, ಪುಟ ಇನ್ನೂರ ಹನ್ನೆರಡು. ಲೂಡಿ ಎದೆಯ ಮೇಲೆ ಕೈಯಿಟ್ಟು "ದೇವರು ದೊಡ್ಡವನು" ಎಂದಳು. ಪುಸ್ತಕ ಒಂದು ಚಪ್ಪಡಿ ಕಲ್ಲಿನಷ್ಟು ಭಾರ. ಮೇಜಿನ ಮೇಲೆ ಹೊತ್ತು ಹಾಕಿ ಪುಟ ತೆರೆದೆ. ನಮ್ಮಲ್ಲಿ ಪುಟದ ಮೇಲಿನ ಅರ್ಧ ಅರ್ಜಿ, ಗಂಡು ಹೆಣ್ಣು ಕೌಂಟರಿನಲ್ಲಿ ಪ್ರಮಾಣ ಮಾಡಿ ಸಹಿ ಹಾಕುವುದು. ಕೆಳಗಿನ ಅರ್ಧ ಪಾದ್ರಿ ಮದುವೆ ಮಾಡಿಸಿದ ಮೇಲೆ ತುಂಬಿ ಕಳಿಸುವುದು.

"ಓದೇ, ಓದು. ಕನ್ನಡಕ ಕಾರಲ್ಲಿದೆ."

"ವರ, ಎಸ್ಟಿಲ್ ಸೈಜ್ಮೋರ್, ಇಪ್ಪತ್ತೆರಡು ವರ್ಷ, ಸೈನ್ಯದಿಂದ ಬಿಡುಗಡೆ, ಗಣಿ ಕೆಲಸ," ಎಂದು ಓದಿದೆ. "ವಧು..."

ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅಕ್ಷರ ದುಂಡಗೆ, ಸ್ಪಷ್ಟವಾಗಿ, ಮುತ್ತು ಪೋಣಿಸಿದ ಹಾಗೆ ಇತ್ತು. ವಧು, ಮೋಝೆಲ್ ನೇಪಿಯರ್, ಹತ್ತೊಂಬತ್ತು ವರ್ಷ, ಹಿಂದೆ ಮದುವೆಯಾಗಿಲ್ಲ. ಕೆಳಗೆ ಮೋಝೆಲ್ ಸಹಿ. ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ 'ಪತ್ರಿಕೆಗೆ ಕೊಡಬೇಡಿ' ಎಂದಿತ್ತು. ಊರಿನ ವಾರಪತ್ರಿಕೆಯಲ್ಲಿ ಲೈಸೆನ್ಸು ತೆಗೆದವರ ಹೆಸರು ಅಚ್ಚಾಗುವುದು ಬೇಡ ಎನ್ನುವವರು ಹಾಗೆ ಬರೆಸುತ್ತಾರೆ. ಬ್ರದರ್ ಹೊಬಾರ್ಟ್ ತುಂಬಬೇಕಾದ ಕೆಳಗಿನ ಅರ್ಧವೂ ಅದೇ ದುಂಡು ಅಕ್ಷರದಲ್ಲಿತ್ತು. ತಾರೀಖು ಅಕ್ಟೋಬರ್ ಹನ್ನೆರಡು.

ಪುಸ್ತಕ ಮುಚ್ಚಿಬಿಡಲೇ ಅನ್ನಿಸಿತು. ಸಿಕ್ಕಲಿಲ್ಲ ಆಂಟಿ, ಇಲಿ ತಿಂದಿದೆ, ಅಂದುಬಿಡಲೇ. ಮೂವತ್ತೊಂದು ವರ್ಷದಲ್ಲಿ ಇಂಥ ಯೋಚನೆ ಬಂದದ್ದು ಅದೇ ಮೊದಲು.

"ಯಾಕೇ ನಿಲ್ಲಿಸ್ದೆ? ವಧು ಲೂಡಿ ನೇಪಿಯರ್ ಅಂತ ಓದೋಕೆ ಇಷ್ಟು ಹೊತ್ತಾ?" ಎಂದು ಲೂಡಿ ಎದ್ದು ಬಂದಳು. ಮೇಜಿನ ಮೇಲಿದ್ದ ಭೂತಗನ್ನಡಿ ಎತ್ತಿಕೊಂಡು ಬಗ್ಗಿದಳು. ನಾನು ತಡೆಯಲಿಲ್ಲ, ತಡೆಯಲು ನನಗೆ ಅಧಿಕಾರವೂ ಇಲ್ಲ.

ಮೊದಲು ನಕ್ಕಳು. "ಥೂ, ಆ ಮುದುಕ ಗುಮಾಸ್ತ ಎಲ್ಲಿ ಬರೆದಿದ್ದಾನೆ ನೋಡು! ಮೋಝೆಲ್ ಸಾಕ್ಷಿ ಕಣೇ. ಸಾಕ್ಷಿ ಹೆಸರು ತಂದು ನನ್ನ ಜಾಗಕ್ಕೆ ಹಾಕಿದ್ದಾನೆ."

ಭೂತಗನ್ನಡಿ ಕೆಳಗೆ ಇಳಿಯಿತು. ಸಾಕ್ಷಿಗಳ ಜಾಗದಲ್ಲಿ ಬ್ರದರ್ ಹೊಬಾರ್ಟನ ಹೆಂಡತಿ, ಮಗ. ಮತ್ತೆ ಮೇಲೆ ಹೋಯಿತು. ಹತ್ತೊಂಬತ್ತು ವರ್ಷ. ಸಹಿ. ಲೂಡಿ ಗರ ಬಡಿದವಳ ಹಾಗೆ ನಿಂತುಬಿಟ್ಟಳು.

"ಇದು ಅವಳ ಕೈಬರಹ," ಎಂದಳು ಕೊನೆಗೆ. "ಅವತ್ತೇ. ಅದೇ ದಿನ. ಅವನು ಅವಳನ್ನ... ಟ್ರೆಸ್ಸಾ, ನಾನು ಯಾರೇ ಹಾಗಾದ್ರೆ?"

ಮೂವತ್ತೊಂದು ವರ್ಷದಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನೀರು ಕೊಟ್ಟೆ. ಕುಡಿಯಲಿಲ್ಲ.

"ಕರಿ ಅವಳನ್ನ," ಎಂದಳು ಲೂಡಿ. "ಮೊಣಕಾಲು ನೋವಂತೆ! ತೆವಳ್ಕೊಂಡು ಬರ್ಲಿ."

ಮೋಝೆಲ್ ಕಾರಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಎಪ್ಪತ್ತೈದರಲ್ಲೂ ಬೆನ್ನು ಬಾಗಿಲ್ಲ. ಕಿಟಕಿ ತಟ್ಟಿದೆ. ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ "ಸಿಕ್ತಾ?" ಎಂದಳು. "ಸಿಕ್ತು," ಎಂದೆ. ಕಾರಿನ ಬಾಗಿಲು ತೆಗೆದು ಇಳಿದು ನನ್ನ ಹಿಂದೆ ಬಂದಳು. ಮೊಣಕಾಲು ನೋವಿನ ಸುದ್ದಿಯೇ ಬರಲಿಲ್ಲ.

ನೆಲಮಾಳಿಗೆಯ ಬಾಗಿಲಲ್ಲಿ ಅವಳನ್ನು ಕಂಡದ್ದೇ ಲೂಡಿ ಶುರು ಮಾಡಿದಳು.

"ಬಾರಮ್ಮ ಮಿಸೆಸ್ ಸೈಜ್ಮೋರ್! ಬಾ. ನಿನ್ನ ಗಂಡ ಸತ್ತಿದ್ದಕ್ಕೆ ನಾನು ನಿನಗೆ ಸಮಾಧಾನ ಹೇಳಲೇ ಇಲ್ಲ ನೋಡು, ತಪ್ಪಾಯ್ತು!"

"ಲೂಡಿ, ಕೂತ್ಕೊ. ನಿನ್ನ ಎದೆ..."

"ನನ್ನ ಎದೆ ಶುಕ್ರವಾರದವರೆಗೆ ನನ್ನದು! ಎಷ್ಟು ವರ್ಷ ನಡೀತು ಇದು? ನಾನು ಬಾಣಂತನದಲ್ಲಿದ್ದಾಗ ಬಂದು ಅಡಿಗೆ ಮಾಡ್ತಿದ್ದೆಯಲ್ಲ, ಅದು ನನಗೋ ಅವನಿಗೋ? ನೀನೇ ಹೋಗಿ ಮಲಗು ಅವನ ಗುಂಡೀಲಿ. ಕಾಗದದ ಪ್ರಕಾರ ಜಾಗ ನಿಂದೇ!"

"ಅವನ ಗುಂಡಿ ನಂಗ್ಯಾಕೆ?" ಮೋಝೆಲ್‌ಗೂ ಸಿಟ್ಟು ಬಂತು. "ಬದುಕಿದ್ದಾಗ ಅವನ ಗೊರಕೆ ಮೂರನೇ ಮನೆಗೆ ಕೇಳ್ತಿತ್ತು. ಸುಮ್ನೆ ಕೂತು ಕೇಳು. ಆಮೇಲೆ ಹೊಡಿ ಬೇಕಾದ್ರೆ."

ಲೂಡಿ ಕೂರಲಿಲ್ಲ. ಮೋಝೆಲ್ ನಿಂತೇ ಹೇಳಿದಳು.

"ನಿನಗೆ ಹದಿನೈದು. ಹೊಟ್ಟೇಲಿ ಲೋವೆಲ್ ಮೂರು ತಿಂಗಳು. ಅಮ್ಮ ಒಪ್ಪಿಗೆ ಸಹಿ ಹಾಕಲ್ಲ ಅಂದ್ಲು. ಅಪ್ಪಂಗೆ ಗೊತ್ತಾಗಿದ್ರೆ ಎಸ್ಟಿಲ್‌ಗೆ ಗುಂಡು ಹೊಡೆದು ಹೊಳೆಗೆ ಎಸೀತಿದ್ದ. ಲೈಸೆನ್ಸು ಇಲ್ದೆ ಬ್ರದರ್ ಹೊಬಾರ್ಟ್ ಮದುವೆ ಮಾಡಿಸ್ತಿರಲಿಲ್ಲ. ನೀನು ಲಾರೀಲಿ ಕೂತು ವಾಂತಿ ಮಾಡ್ಕೋತಿದ್ದೆ. ನಾನು, ಎಸ್ಟಿಲ್ ಒಳಗೆ ಹೋಗಿ ತಂದ್ವಿ. ನನಗೆ ಹತ್ತೊಂಬತ್ತು, ಯಾರ ಸಹೀನೂ ಬೇಕಿರಲಿಲ್ಲ. ಆಗ ರಕ್ತ ಪರೀಕ್ಷೆ ಬೇರೆ ಕೇಳ್ತಿದ್ರು, ಆ ರಕ್ತಾನೂ ನಂದೇ."

"ಬ್ರದರ್ ಹೊಬಾರ್ಟ್ ಕಾಗದ ನೋಡಿದ್ರಲ್ಲ!" ಎಂದು ಲೂಡಿ ಕಿರುಚಿದಳು. "ತಿರುಗಿಸಿ ತಿರುಗಿಸಿ ನೋಡಿದ್ರು!"

"ನೋಡಿದ್ರು. ಓದಲಿಲ್ಲ."

ಆಗ ನನಗೂ ಹೊಳೆಯಿತು. ಹೊಬಾರ್ಟ್‌ಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಕಡೆಯ ಹಳೇ ಪಾದ್ರಿಗಳಿಗೆ ಅದೊಂದು ಹೆಮ್ಮೆ. ದೇವರು ಕರೆದವನಿಗೆ ಮೇಷ್ಟ್ರು ಯಾಕೆ ಎನ್ನುತ್ತಿದ್ದರು. ಬೈಬಲ್ಲು ಪೂರ್ತಿ ಬಾಯಲ್ಲಿ, ತಮ್ಮ ಹೆಸರು ಮಾತ್ರ ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು. ಉಳಿದದ್ದನ್ನು ಮದುವೆ ಮನೆಯವರು ಯಾರಾದರೂ ತುಂಬುತ್ತಿದ್ದರು. ಆ ಶನಿವಾರ ತುಂಬಿದವಳು ಮೋಝೆಲ್. ಅವರು ಎದುರಿಗೆ ನಿಂತ ಹುಡುಗಿಯ ಮುಖ ನೋಡಿ 'ಲೂಡಿ, ಇವನನ್ನು ಒಪ್ಪಿದೆಯಾ' ಎಂದು ಕೇಳಿದರು, ಲೂಡಿ ಒಪ್ಪಿದಳು. ದೇವರ ಎದುರಿಗೆ ಮದುವೆಯಾದವಳು ತಂಗಿ, ಕೌಂಟಿಯ ಎದುರಿಗೆ ಅಕ್ಕ.

"ಎಸ್ಟಿಲ್‌ಗೆ ಗೊತ್ತಿತ್ತು," ಎಂದಳು ಲೂಡಿ, ಮೆಲ್ಲಗೆ.

"ಗೊತ್ತಿತ್ತು. ನಿನಗೆ ಹದಿನೆಂಟು ತುಂಬಿದ ಮೇಲೆ ಇನ್ನೊಂದು ಲೈಸೆನ್ಸು ತೆಗೀತೀನಿ, ಗುಟ್ಟಾಗಿ ಸರಿ ಮಾಡ್ತೀನಿ ಅಂದಿದ್ದ. ಆಮೇಲೆ ಗಣಿ, ಮಕ್ಕಳು, ಹೊಳೆ. ಎರಡು ಸಲ ಕೇಳ್ದೆ. ಬಿಡು ಮೋಝೆಲ್, ಆ ಪುಸ್ತಕ ಯಾರು ತೆಗೆದು ನೋಡ್ತಾರೆ ಅಂದ."

ನಾನೇ ತೆಗೆದು ನೋಡಿದೆ. ಸತ್ತವನ ಮೇಲೆ ನನಗೆ ಎಂಥ ಕೋಪ ಬಂತೆಂದರೆ ಆ ಕಲ್ಲನ್ನು ಹೋಗಿ ಒದೆಯಬೇಕು ಅನ್ನಿಸಿತು. ಲೂಡಿ ಸ್ಟೂಲಿನ ಮೇಲೆ ಕುಸಿದು ಅಳಲು ಶುರು ಮಾಡಿದಳು. ಮೋಝೆಲ್ ಹತ್ತಿರ ಹೋದಳು. ಲೂಡಿ ಅವಳ ಕೈ ತಳ್ಳಿಬಿಟ್ಟಳು.

ಇಂಥ ಹೊತ್ತಲ್ಲಿ ನನಗೆ ಗೊತ್ತಿರುವುದು ಒಂದೇ, ಕೆಲಸ. ಪುಸ್ತಕದಲ್ಲಿ ಬಿದ್ದದ್ದನ್ನು ನಾನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಜಡ್ಜ್ ಆದೇಶ ಕೊಟ್ಟರೆ ಪಕ್ಕದಲ್ಲಿ ಬರೆಯಬಹುದು. ಅದಕ್ಕೆ ಮೋಝೆಲ್ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು, ಅವತ್ತು ಸುಳ್ಳು ಹೇಳಿದೆ ಎಂದು. ಇದನ್ನು ಹೇಳಿದೆ.

"ಜೈಲಿಗೆ ಹಾಕ್ತಾರಾ?" ಎಂದಳು ಮೋಝೆಲ್.

"ಎಪ್ಪತ್ತೈದು ವರ್ಷದೋರನ್ನ ಹಾಕಿದ್ರೆ ಅಡುಗೆ ಮಾಡೋರು ಸಿಕ್ಕಿದ್ರು ಅಂತ ಜೈಲಿನೋರು ಖುಷಿ ಪಡ್ತಾರೆ ಅಷ್ಟೇ," ಎಂದೆ. ಯಾರೂ ನಗಲಿಲ್ಲ.

ಮೇಲೆ ಬಂದು ಕೌಂಟರಿನ ಹಿಂದೆ ಇಬ್ಬರನ್ನೂ ಕೂರಿಸಿ ಟೈಪು ಮಾಡಲು ಕೂತೆ. ಹೆಸರು, ವಿಳಾಸ, ನಡೆದ ಸಂಗತಿ. ಮೋಝೆಲ್ ಒಂದೊಂದೇ ಹೇಳಿದಳು. ಲೂಡಿ ಗೋಡೆ ನೋಡುತ್ತಿದ್ದಳು. ಮುಂದಿನದು ಕೇಳಲೇಬೇಕಾದ ಪ್ರಶ್ನೆ.

"ಎಸ್ಟಿಲ್ ಸೈಜ್ಮೋರ್ ಜೊತೆ ಆಗ್ಲಿ, ಬೇರೆ ಯಾರ ಜೊತೆ ಆಗ್ಲಿ, ಯಾವಾಗಾದ್ರೂ ಮದುವೆ ಆಗಿದ್ದೀರಾ?"

"ಇಲ್ಲ," ಎಂದಳು ಮೋಝೆಲ್.

ಲೂಡಿ ಮೂಗೊರೆಸಿಕೊಂಡು, ಗೋಡೆ ನೋಡುತ್ತಲೇ ಚುಚ್ಚಿದಳು: "ದೇವರು ದೊಡ್ಡವನು, ಡೆಲ್ಮರ್‌ನ ಬಿಟ್ಟು ಓಡಿಬಂದೆ. ಇಲ್ದಿದ್ರೆ ಇಬ್ಬರು ಗಂಡಂದಿರು ಇರ್ತಿದ್ರು ನಿನಗೆ. ಅದೃಷ್ಟವಂತೆ."

ಮೋಝೆಲ್ ಕೈಚೀಲದ ಕೊಂಡಿ ತೆಗೆದಳು, ಹಾಕಿದಳು. ನನ್ನ ಬೆರಳು ಕೀಬೋರ್ಡಿನ ಮೇಲೆಯೇ ನಿಂತುಹೋಯಿತು. ಲೈಸೆನ್ಸಿಗೆ ಬಂದವರನ್ನು ನಾವು ಕೈಯೆತ್ತಿಸಿ ಕೇಳುವ ಪ್ರಶ್ನೆಯೂ ಇದೇ. ಈ ಮೊದಲು ಮದುವೆಯಾಗಿದ್ದೀರಾ? ಮಿಸೆಸ್ ವುಟನ್ ಅದನ್ನೇ ಕೇಳಿರಬೇಕು.

"ಮೋಝೆಲ್ ಆಂಟಿ," ಎಂದೆ. "ಅವತ್ತು ನೀವು ಓಡಿದ್ದು..."

"ಹೂಂ ಅಂದ್ರೆ, ಯಾರ ಜೊತೆ, ಯಾವಾಗ, ಡೈವೋರ್ಸ್ ಕಾಗದ ಎಲ್ಲಿ ಅಂತ ಪುಸ್ತಕ ತೆಗೀತಾರೆ," ಎಂದಳು ಮೋಝೆಲ್, ಅಡುಗೆ ಹೇಳಿಕೊಡುವವಳ ಹಾಗೆ ಸಾವಕಾಶವಾಗಿ. "ಆಗ ಇವಳು ಏನಾಗ್ತಾಳೆ? ಲೋವೆಲ್‌ಗೆ ಐದು ವರ್ಷ, ಎರಡನೆಯವನು ಕೈಗೂಸು. ಊರು ಆ ಮಕ್ಕಳಿಗೆ ಏನಂತ ಹೆಸರಿಡ್ತಿತ್ತು? ಇಲ್ಲ ಅಂದ್ರೆ, ದೇವರ ಹೆಸರಲ್ಲಿ ಕೈಯೆತ್ತಿ ಎರಡನೇ ಸಲ ಸುಳ್ಳು. ಮೊದಲನೇ ಸಲ ಹೇಳಿದ್ದಕ್ಕೇ ಆರು ವರ್ಷ ನನಗೆ ನೆಟ್ಟಗೆ ನಿದ್ದೆ ಇರಲಿಲ್ಲ. ಆ ಹೆಂಗಸು ಕೇಳಿದ್ಲು. ನನ್ನ ಕೈ ಮೇಲೆ ಏಳಲಿಲ್ಲ ಕಣೇ. ಕಾಲು ಎದ್ದವು."

"ಡೆಲ್ಮರ್‌ಗೆ ಹೇಳಬಾರದಿತ್ತಾ?"

"ಹೇಳ್ತೀನಿ ಅಂದೆ ಎಸ್ಟಿಲ್‌ಗೆ. ವಿಷಯ ಹೊರಗೆ ಬಂದ್ರೆ ಲೂಡಿ ಹೊಳೆಗೆ ಹಾರ್ತಾಳೆ ಅಂದ. ಇವಳು ಹಾರೋಳೇ." ಕೈಚೀಲ ತೊಡೆಯ ಮೇಲೆ ಸರಿಮಾಡಿಕೊಂಡು ಹೇಳಿದಳು: "ಡೆಲ್ಮರ್ ಎರಡು ವರ್ಷ ಕಾದ. ಆಮೇಲೆ ಒಹಾಯೋ ಹುಡುಗೀನ ಮಾಡ್ಕೊಂಡ. ಒಳ್ಳೇ ಹೆಂಗಸು. ಅವರ ನಾಲ್ಕು ಮಕ್ಕಳಿಗೂ ನಾನೇ ಊಟ ಬಡಿಸಿದ್ದು. ಮೂರನೆಯವನು ಅಚ್ಚು ಡೆಲ್ಮರ್. ಅವನಿಗೆ ಬ್ರೆಡ್ಡು ಒಂದು ಜಾಸ್ತಿ ಹಾಕ್ತಿದ್ದೆ."

ಆ ಮೂರನೆಯವನು ನನ್ನ ಕಿರಿಯ ತಮ್ಮನ ತರಗತಿಯವನು. ಜಾಸ್ತಿ ಬ್ರೆಡ್ಡಿಗಾಗಿ ಆ ಹುಡುಗರೆಲ್ಲ ಅವನ ಮೇಲೆ ಜಗಳ ತೆಗೆಯುತ್ತಿದ್ದರಂತೆ.

ಲೂಡಿ ಗೋಡೆಯಿಂದ ಮುಖ ತಿರುಗಿಸಿದ್ದಳು. ಅಷ್ಟು ಬಿಳಿಚಿದ ಮುಖ ನಾನು ಹೆಣಗಳಲ್ಲೂ ನೋಡಿಲ್ಲ. "ಐವತ್ತು ವರ್ಷ ನಾನು ನಿನ್ನ ಹಂಗಿಸಿದೆ," ಎಂದಳು. "ಪ್ರತಿ ಕ್ರಿಸ್ಮಸ್ಸಿಗೂ. ಎಲ್ಲರ ಮುಂದೆ. ಮಕ್ಕಳಿಗೂ ಕಲಿಸ್ದೆ. ನೀನು ಒಂದು ಮಾತು... ಬೇಡ. ಟ್ರೆಸ್ಸಾ, ಹರಿದುಹಾಕು ಅದನ್ನ. ನನಗೆ ಯಾವ ಕಾಗದಾನೂ ಬೇಡ, ಯಾವ ಗುಂಡೀನೂ ಬೇಡ. ನನ್ನನ್ನ ಎಲ್ಲಾದ್ರೂ ಎಸೀರಿ."

"ಸುಮ್ನಿರೇ," ಎಂದು ಮೋಝೆಲ್ ಗದರಿದಳು. "ಹರೀಬೇಡ ಟ್ರೆಸ್ಸಾ, ಕೊಡಿಲ್ಲಿ. ಐವತ್ತಾರು ವರ್ಷ ಆ ಮನುಷ್ಯನ ಹೆಂಡ್ತಿ ಆಗಿದ್ದು ಸಾಕಾಗಿದೆ ನನಗೆ."

ಬಲಗೈ ಎತ್ತಿದಳು. ನಾನು ಕೇಳಬೇಕಾದದ್ದನ್ನು ಕೇಳಿದೆ, ಅವಳು ಹೇಳಬೇಕಾದದ್ದನ್ನು ಹೇಳಿದಳು. ಅದೇ ದುಂಡು ಅಕ್ಷರದಲ್ಲಿ ಸಹಿ ಹಾಕಿದಳು. ಲೂಡಿಯೂ ತನ್ನದೊಂದು ಅಫಿಡವಿಟ್ಟಿಗೆ ಸಹಿ ಹಾಕಿದಳು, ಎರಡು ಸಲ ಕಾಗದ ಕೆಡಿಸಿದಳು. ನಾನೇ ಮಹಡಿ ಹತ್ತಿ ಜಡ್ಜ್ ಬಳಿ ಹೋದೆ. ಶುಕ್ರವಾರದ ವಿಷಯ ಹೇಳಿದೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದು ಕಿಟಕಿಯಾಚೆ ನೋಡಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಆದೇಶ ನನ್ನ ಕೈಯಲ್ಲಿತ್ತು. ನಲವತ್ತೊಂದನೇ ಪುಸ್ತಕದ ಅಂಚಿನಲ್ಲಿ ಬರೆದು, ನಕಲು ತೆಗೆದು, ಮೊಹರು ಒತ್ತಿ ಲೂಡಿಯ ಕೈಗೆ ಕೊಟ್ಟೆ. ವಧು, ಲೂಡಿ ನೇಪಿಯರ್. ಅವಳು ಅದನ್ನು ಓದಲಿಲ್ಲ, ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಇನ್ನೊಂದು ಕೈಯಲ್ಲಿ ಅಕ್ಕನ ತೋಳು ಹಿಡಿದಿದ್ದಳು, ಬಿಟ್ಟರೆ ಎಲ್ಲಿ ಹೋಗುತ್ತಾಳೋ ಎನ್ನುವ ಹಾಗೆ.

ಬಾಗಿಲ ಹತ್ತಿರ ಹೋದ ಮೋಝೆಲ್ ತಿರುಗಿ ಬಂದಳು.

"ಟ್ರೆಸ್ಸಾ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ನಾನು ಏನಂತ ಬರೀಬೇಕು? ಆಸ್ಪತ್ರೇಲಿ, ಅಲ್ಲಿ ಇಲ್ಲಿ."

"ಮದುವೆ ಆಗಿಲ್ಲ ಅಂತ," ಎಂದೆ. "ಯಾವತ್ತೂ ಆಗಿಲ್ಲ ಅಂತ. ಸುಳ್ಳಲ್ಲ ಅದು ಈಗ."

ಅವಳು ಕೌಂಟರಿನ ಮೇಲಿದ್ದ ಪೆನ್ನು ನೋಡಿದಳು.

"ಹಾಗಾದ್ರೆ ಈಗ ನಾನು ಲೈಸೆನ್ಸು ತೆಗೀಬಹುದು," ಎಂದಳು.

ತಮಾಷೆಗೇ ಅಂದಳೇನೋ, ಗೊತ್ತಿಲ್ಲ. ಲೂಡಿಯ ಬಾಯಿ ಮಾತ್ರ ತೆರೆದದ್ದು ಹಾಗೇ ಇತ್ತು. ತೆಗೆಯಬಹುದು ಆಂಟಿ, ಎಂದೆ ನಾನು.